‘ಟೇಬಲ್’ ಎಂದರೆ ಮೇಜು ಮಾತ್ರವೇ?

ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ಯಾವ ಹೊತ್ತಿಗೆ ಯಾವ ಕಾರ್ಯಕ್ರಮವೆಂದು ನೋಡುತ್ತಿರುವ ವಾಚಕರು ಒಂದು ನಿಮಿಷ ತಲೆಯೆತ್ತಿ ತಮ್ಮ ರೇಡಿಯೋ ಇರುವ ಕಡೆಗೆ ನೋಡಬೇಕೆಂದು ಕೋರುತ್ತೇನೆ. ಅದು ಯಾವುದರ ಮೇಲಿದೆ? ಗೋಡೆಯ ಗೂಡಿನಲ್ಲಿ ಇಲ್ಲವಾದರೆ ಬಹುಮಟ್ಟಿಗೆ ಒಂದು ಟೇಬಲ್ಲಿನ ಮೇಲೆಯೇ ಇರುತ್ತದೆ. ‘ಟೇಬಲ್ ಎಂದರೇನು?’ ಎಂದು ಕೇಳಿದರೆ ಮನೆಯ ಸಣ್ಣ ಮಗುವೂ ಬೆರಳು ಮಾಡಿ ತೋರಿಸುತ್ತದೆ. ನಾಲ್ಕು ಕಾಲು, ಮೇಲೊಂದು ಹಲಗೆ. ಇದರಲ್ಲಿ ಪಂಡಿತರು ವಿವರಿಸಬೇಕಾದದ್ದು ಏನಿದೆ ಎಂದು ನೀವು ನಗಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಈ ಸಣ್ಣ ಪದವನ್ನು ಅರೆಬರೆಯಾಗಿ ತಿಳಿದು, ನನ್ನಿಂದಲೇ ಒಂದು ಸಂಸಾರಕ್ಕೆ ತೊಂದರೆಯಾದ ಮೇಲೆ ನನ್ನ ಎಣಿಕೆ ಬದಲಾಯಿತು. ಆ ಸಂಗತಿಯನ್ನು ಕಡೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಮೊದಲು ಪದದ ವಿಚಾರ.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು ನಾನು. ಒಮ್ಮೆ ಹುಡುಗರಿಗೆ ಭಾಷಾಂತರ ಮಾಡಲು ಕೆಲವು ಇಂಗ್ಲಿಷ್ ವಾಕ್ಯಗಳನ್ನು ಕೊಟ್ಟಿದ್ದೆ. ಬೇಸಿಗೆಯಲ್ಲಿ ‘ವಾಟರ್ ಟೇಬಲ್’ ಇಳಿಯುತ್ತದೆ ಎಂಬುದು ಅವುಗಳಲ್ಲೊಂದು. ಒಬ್ಬ ಹುಡುಗ ಅಂದವಾದ ಅಕ್ಷರಗಳಲ್ಲಿ ‘ಬೇಸಿಗೆಯಲ್ಲಿ ನೀರಿನ ಮೇಜು ಕೆಳಗಿಳಿಯುತ್ತದೆ’ ಎಂದು ಬರೆದಿದ್ದ. ತರಗತಿಯೆಲ್ಲ ಗೊಳ್ಳೆಂದಿತು. ಆದರೆ ಅವನ ತಪ್ಪೇನು? ನಿಘಂಟು ತೆರೆದ, ಮೊದಲು ಕಂಡ ಅರ್ಥವನ್ನು ತೆಗೆದುಕೊಂಡ. ದೊಡ್ಡವರೂ ಮಾಡುವುದು ಅದನ್ನೇ. ನಿಘಂಟು ಅರ್ಥಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಯಾರನ್ನು ಕರೆಯಬೇಕೆಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು.

ಇಂಗ್ಲಿಷಿನ ‘ಟೇಬಲ್’ ಫ್ರೆಂಚಿನ ಮೂಲಕ ಬಂದದ್ದು. ಅದರ ಮೂಲ ಲ್ಯಾಟಿನ್ ಭಾಷೆಯ ‘ತಬುಲ’. ತಬುಲ ಎಂದರೆ ಹಲಗೆ. ಅದಕ್ಕೆ ಕಾಲುಗಳಿರಲಿಲ್ಲ. ರೋಮನರು ಬರೆಯಲು ಬಳಸುತ್ತಿದ್ದ ಮೇಣ ಬಳಿದ ಪಲಕವೂ ತಬುಲ. ಅದರ ಮೇಲೆ ಬರೆದ ಪಟ್ಟಿಯೂ ತಬುಲ. ಇದು ನಮಗೆ ವಿಚಿತ್ರವೆನಿಸಬಾರದು. ನಮ್ಮ ‘ಹಲಗೆ’ಯನ್ನೇ ನೋಡಿ. ಮರದ ಸೀಳು ಹಲಗೆ. ಮಕ್ಕಳು ಅಕ್ಷರ ತಿದ್ದುವುದು ಹಲಗೆ. ಮೇಷ್ಟರ ಬೆನ್ನ ಹಿಂದಿನದು ಕರಿಹಲಗೆ. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಯೋಧನ ಗುರಾಣಿಗೂ ಅದೇ ಹೆಸರು. ಜಾತ್ರೆಯಲ್ಲಿ ಬಾರಿಸುವ ಚರ್ಮವಾದ್ಯವೂ ಹಲಗೆ. ಚಪ್ಪಟೆಯಾದ ಒಂದು ವಸ್ತುವಿನಿಂದ ಹೊರಟು ಒಂದು ಪದ ಎಷ್ಟು ಮನೆಗಳನ್ನು ಹೊಕ್ಕಿತು ನೋಡಿ. ಟೇಬಲ್ಲಿನ ಕಥೆಯೂ ಇಂಥದೇ.

ಸಂಗೀತಪ್ರಿಯರಾದ ವಾಚಕರಿಗೆ ಇಲ್ಲೊಂದು ಎಚ್ಚರಿಕೆಯ ಮಾತು. ನಮ್ಮ ತಬಲಾ ಈ ತಬುಲದ ನೆಂಟನಲ್ಲ. ತಬಲಾ ಎಂಬ ಹೆಸರು ಬಂದದ್ದು ಡೋಲು ಎಂಬರ್ಥದ ಅರಬ್ಬೀ ‘ತಬ್ಲ್’ ಶಬ್ದದಿಂದ. ಧ್ವನಿ ಒಂದೇ ಎಂದು ಕುಲವೂ ಒಂದೇ ಎನ್ನಲಾಗದು.

ಈಗ ಟೇಬಲ್ಲಿನ ಕವಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಊಟದ ಕವಲು. ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ಊಟದ ಹೊತ್ತಿಗೆ ಕವೆಗಾಲುಗಳ ಮೇಲೆ ಉದ್ದನೆಯ ಹಲಗೆಗಳನ್ನು ಹಾಸಿ, ಊಟವಾದ ಮೇಲೆ ತೆಗೆದಿಡುವ ರೂಢಿಯಿತ್ತು. ಆ ಹಲಗೆಗೆ ಅವರ ಸ್ವಂತ ಮಾತು ‘ಬೋರ್ಡ್’. ಹೀಗಾಗಿ ಬೋರ್ಡ್ ಎಂದರೆ ಊಟವೆಂದೇ ಆಯಿತು. ನಮ್ಮ ಊರುಗಳ ಬಸ್ ನಿಲ್ದಾಣದ ಬಳಿ ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ ಎಂದು ಬರೆದಿರುತ್ತದಲ್ಲ, ಅದರ ಅರ್ಥ ಊಟ ಮತ್ತು ವಸತಿ. ಕಂಪೆನಿಯ ನಿರ್ದೇಶಕರು ಸುತ್ತ ಕುಳಿತು ಮಾತಾಡುವ ಹಲಗೆಯಿಂದ ಆ ಸಭೆಗೂ ‘ಬೋರ್ಡ್’ ಎಂಬ ಹೆಸರು ಬಂತು. ಒಬ್ಬರ ಮನೆಯ ಟೇಬಲ್ ಚೆನ್ನಾಗಿದೆ ಎಂದು ಇಂಗ್ಲಿಷಿನವನು ಹೇಳಿದರೆ ಆತ ಬಡಗಿಯನ್ನು ಹೊಗಳುತ್ತಿಲ್ಲ, ಅಡಿಗೆಯವರನ್ನು ಹೊಗಳುತ್ತಿದ್ದಾನೆ.

ನಮ್ಮಲ್ಲಿಯೂ ಊಟಕ್ಕೆ ಹಲಗೆ ಬೇಕಿತ್ತು. ಆದರೆ ಸ್ಥಾನ ಬೇರೆ. ಅವರು ಅನ್ನವನ್ನು ಹಲಗೆಯ ಮೇಲಿಟ್ಟರು. ನಾವು ಅತಿಥಿಯನ್ನು ಹಲಗೆಯ ಮೇಲೆ ಕೂರಿಸಿದೆವು. ಆ ಹಲಗೆಯೇ ಮಣೆ. ‘ಮಣೆ ಹಾಕುವುದು’ ಎಂದರೆ ಗೌರವಿಸುವುದು ಎಂಬ ಅರ್ಥ ಬಂದದ್ದು ಹೀಗೆ. ಎತ್ತರದ ಮೇಜು ನಮ್ಮ ಮನೆಗಳಿಗೆ ಆಮೇಲೆ ಬಂದದ್ದು; ಹೆಸರೂ ಹೊರಗಿನದೇ. ಪಾರಸಿಯಲ್ಲಿ ‘ಮೇಜ್’ ಉಂಟು, ಪೋರ್ಚುಗೀಸಿನಲ್ಲಿ ‘ಮೇಸ’ ಉಂಟು. ಔತಣಕ್ಕೆ ‘ಮೇಜವಾನಿ’ ಎನ್ನುತ್ತೇವಷ್ಟೆ. ಅದು ಅತಿಥೇಯ ಎಂಬರ್ಥದ ಪಾರಸಿ ಮಾತಿನಿಂದ ಬಂದದ್ದು.

ಎರಡನೆಯದು ಬರಹದ ಕವಲು. ಕ್ರಿ. ಪೂ. 450ರ ಸುಮಾರಿನಲ್ಲಿ ರೋಮನರು ತಮ್ಮ ಕಾನೂನುಗಳನ್ನು ಹನ್ನೆರಡು ಫಲಕಗಳಲ್ಲಿ ಬರೆಸಿ ಜನರೆದುರಿಗೆ ಇಟ್ಟರು. ಅವನ್ನು ‘ಹನ್ನೆರಡು ಟೇಬಲ್ಲುಗಳು’ ಎನ್ನುತ್ತಾರೆ. ಇಲ್ಲಿ ಮೇಜು ಎಂದರೆ ಅನರ್ಥ. ‘ಹನ್ನೆರಡು ಶಾಸನಫಲಕಗಳು’ ಎನ್ನಬೇಕು. ಫಲಕದಲ್ಲಿ ಅಂಕಿಗಳನ್ನೂ ಹೆಸರುಗಳನ್ನೂ ಸಾಲುಸಾಲಾಗಿ ಬರೆಯುವ ಪದ್ಧತಿಯಿಂದ ಪಟ್ಟಿಗೇ ಟೇಬಲ್ ಎಂದು ಹೆಸರಾಯಿತು. ಮಕ್ಕಳು ಬಾಯಿಪಾಠ ಮಾಡುವ ಟೇಬಲ್ಸ್ ನಮ್ಮ ಮಗ್ಗಿ. ಟೈಮ್ ಟೇಬಲ್ ಎಂಬುದು ವೇಳಾಪಟ್ಟಿ. ಪುಸ್ತಕದ ಮೊದಲಲ್ಲಿ ಬರುವ ಟೇಬಲ್ಲಿಗೆ ಪರಿವಿಡಿ ಎಂಬ ಸೊಗಸಾದ ಕನ್ನಡದ ಮಾತಿದೆ. ರಷ್ಯದ ವಿಜ್ಞಾನಿ ಮೆಂಡಲೀವ್ 1869ರಲ್ಲಿ, ಆಗ ತಿಳಿದಿದ್ದ 63 ಮೂಲವಸ್ತುಗಳನ್ನು ಗುಣಕ್ಕೆ ತಕ್ಕಂತೆ ಜೋಡಿಸಿ ಒಂದು ಟೇಬಲ್ ಮಾಡಿದನು. ಇಂದು ಅದರಲ್ಲಿ 118 ಮೂಲವಸ್ತುಗಳಿವೆ. ನಮ್ಮವರು ಅದನ್ನು ‘ಆವರ್ತ ಕೋಷ್ಟಕ’ ಎಂದು ಕರೆದರು. ಕೋಷ್ಠವೆಂದರೆ ಕೋಣೆ, ಕಣಜ. ಒಂದೊಂದು ಮೂಲವಸ್ತುವಿಗೆ ಒಂದೊಂದು ಕೋಣೆ. ಇಂಗ್ಲಿಷಿನವರ ಕಣ್ಣಿಗೆ ಹಲಗೆ ಕಂಡಿತು. ನಮ್ಮವರ ಕಣ್ಣಿಗೆ ಅದರ ಮೇಲೆ ಎಳೆದ ಮನೆಗಳು ಕಂಡವು.

ಸಣ್ಣ ಫಲಕವೇ ‘ಟ್ಯಾಬ್ಲೆಟ್’. ಔಷಧವನ್ನು ಒತ್ತಿ ಬಿಲ್ಲೆ ಮಾಡಿದಾಗ ಅದಕ್ಕೂ ಆ ಹೆಸರು ಬಂತು. ನಾವು ಅದನ್ನು ಅಳತೆಯಿಂದ ಗುರುತಿಸಿ ‘ಮಾತ್ರೆ’ ಎಂದೆವು. ಛಂದಸ್ಸಿನಲ್ಲಿ ಅಕ್ಷರಕ್ಕೆ ಹಿಡಿಯುವ ಕಾಲದ ಅಳತೆಯೂ ಮಾತ್ರೆಯೇ ಅಲ್ಲವೇ? ಲಂಡನ್ನಿನ ಒಂದು ಔಷಧದ ಕಂಪೆನಿ 1884ರಲ್ಲಿ ‘ಟ್ಯಾಬ್ಲಾಯ್ಡ್’ ಎಂಬ ಹೆಸರನ್ನು ತನ್ನ ಬಿಲ್ಲೆಗಳಿಗಾಗಿ ನೋಂದಾಯಿಸಿತು. ಸುದ್ದಿಯನ್ನೂ ಹಾಗೆಯೇ ಒತ್ತಿ ಚಿಕ್ಕದಾಗಿಸಿ ಕೊಡುವ ಪತ್ರಿಕೆಗಳಿಗೆ ಆ ಹೆಸರು ಮುಂದೆ ಅಂಟಿಕೊಂಡಿತು. ಈಗಿನ ಮಕ್ಕಳ ಕೈಯಲ್ಲಿರುವ ಗಾಜಿನ ಟ್ಯಾಬ್ಲೆಟ್ಟನ್ನು ಕಂಡಾಗ ನನಗೆ ರೋಮನ್ ಹುಡುಗನ ಮೇಣದ ಪಲಕ ನೆನಪಾಗುತ್ತದೆ. ಪದ ಎರಡು ಸಾವಿರ ವರ್ಷ ಸುತ್ತಾಡಿ ಮತ್ತೆ ಮಗುವಿನ ಕೈಗೇ ಬಂದು ಸೇರಿತು.

ಮೂರನೆಯದು ಮಟ್ಟಸದ ಕವಲು. ಮೇಲ್ಭಾಗ ಸಮನಾಗಿರುವುದೆಲ್ಲ ಟೇಬಲ್. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಸುಮಾರು 1,085 ಮೀಟರ್ ಎತ್ತರದ ಒಂದು ಬೆಟ್ಟವಿದೆ. ಅದರ ನೆತ್ತಿ ಚಪ್ಪಟೆಯಾಗಿರುವುದರಿಂದ ಅದು ‘ಟೇಬಲ್ ಬೆಟ್ಟ’. ಅದರ ಮೇಲೆ ಹರಡುವ ಬಿಳಿಯ ಮೋಡವನ್ನು ಅಲ್ಲಿಯವರು ಮೇಜುಬಟ್ಟೆ ಎನ್ನುತ್ತಾರೆ. ಎತ್ತರದಲ್ಲಿ ಹರಡಿದ ಸಮನಾದ ನೆಲವನ್ನು ನಾವು ಪ್ರಸ್ಥಭೂಮಿ ಎನ್ನುತ್ತೇವೆ. ನನ್ನ ಶಿಷ್ಯನ ನೀರಿನ ಮೇಜೂ ಈ ಕವಲಿನದೇ. ಮಳೆಯ ನೀರು ಮಣ್ಣಿನೊಳಗೆ ಇಂಗಿ, ಒಂದು ಆಳದಿಂದ ಕೆಳಕ್ಕೆ ಸಂದುಗೊಂದುಗಳನ್ನೆಲ್ಲ ತುಂಬಿರುತ್ತದೆ. ಆ ತುಂಬಿದ ಭಾಗದ ಮೇಲಂಚೇ ವಾಟರ್ ಟೇಬಲ್. ತೋಡುಬಾವಿಯಲ್ಲಿ ನೀರು ನಿಲ್ಲುವುದು ಸುಮಾರಾಗಿ ಅದೇ ಮಟ್ಟದಲ್ಲಿ. ಮಳೆಗಾಲ ಕಳೆದಾಗ ಅದು ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಇಂಗುವುದಕ್ಕಿಂತ ಹೆಚ್ಚು ನೀರೆತ್ತಿದರೆ ಇಳಿದೇ ಉಳಿಯುತ್ತದೆ. ಇದಕ್ಕೆ ‘ಅಂತರ್ಜಲ ಮಟ್ಟ’ ಎಂಬುದು ಸರಿಯಾದ ಮಾತು.

ನಾಲ್ಕನೆಯದು ಸಭೆಯ ಕವಲು. ವಾರ್ತೆ ಕೇಳುವವರಿಗೆ ಇದೇ ಮುಖ್ಯ. ಆರ್ಥರ್ ರಾಜನ ಕಥೆಗಳಲ್ಲಿ ಬರುವ ದುಂಡುಮೇಜಿಗೆ ತಲೆಯ ಕಡೆ, ಕಾಲ ಕಡೆ ಎಂಬುದಿಲ್ಲ. ಸುತ್ತ ಕುಳಿತವರೆಲ್ಲ ಸಮಾನರು. ಆ ಭಾವನೆಯಿಂದ ಲಂಡನ್ನಿನಲ್ಲಿ 1930ರಿಂದ 1932ರವರೆಗೆ ನಡೆದ ಮೂರು ಸಭೆಗಳಿಗೆ ದುಂಡುಮೇಜಿನ ಪರಿಷತ್ತು ಎಂದು ಹೆಸರಾಯಿತು. 1931ರ ಸಭೆಗೆ ಗಾಂಧೀಜಿಯವರು ಹೋಗಿದ್ದರು. ನಮ್ಮ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಈ ಪರಿಷತ್ತಿನಲ್ಲಿ ಭಾಗವಹಿಸಿದ್ದರು. ಹೆಸರು ದುಂಡಾದ ಮಾತ್ರಕ್ಕೆ ಕುಳಿತವರೆಲ್ಲರ ಬಲ ಸಮನಾಗಲಿಲ್ಲವೆಂಬುದು ಚರಿತ್ರೆ ಓದಿದವರಿಗೆ ಗೊತ್ತು.

ಇನ್ನು ಶಾಸನಸಭೆಯ ಮೇಜು. ‘ವರದಿಯನ್ನು ಸದನದ ಮೇಜಿನ ಮೇಲೆ ಇಡಲಾಯಿತು’ ಎಂದು ವಾರ್ತೆಯಲ್ಲಿ ಕೇಳಿರುತ್ತೀರಿ. ಸರ್ಕಾರದ ಲೆಕ್ಕಪತ್ರಗಳ ಬಗ್ಗೆ ಮಹಾಲೇಖಪಾಲರು ಕೊಡುವ ವರದಿಗಳನ್ನು ಶಾಸನಸಭೆಯ ಮುಂದಿಡಿಸಬೇಕೆಂದು ನಮ್ಮ ಸಂವಿಧಾನದ 151ನೆಯ ವಿಧಿ ಹೇಳುತ್ತದೆ. ಮೇಜಿನ ಮೇಲಿಟ್ಟ ಕಾಗದ ಸದಸ್ಯರೆಲ್ಲರ ಕಣ್ಣಿಗೆ ಬಿದ್ದಂತೆ. ಅದನ್ನು ಇನ್ನು ಬಚ್ಚಿಡಲಾಗದು. ಆದರೆ ಇಟ್ಟರು ಎಂದ ಮಾತ್ರಕ್ಕೆ ಸದನ ಅದನ್ನು ಒಪ್ಪಿತೆಂದಾಗಲಿ, ಚರ್ಚಿಸಿತೆಂದಾಗಲಿ ಅರ್ಥವಲ್ಲ.

ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ಒಂದು ವಿಷಯವನ್ನು ಟೇಬಲ್ ಮಾಡುವುದೆಂದರೆ ಮುಂದೆ ತರುವುದು. ಅಮೆರಿಕದಲ್ಲಿ ಅದೇ ಮಾತಿಗೆ ತದ್ವಿರುದ್ಧವಾದ ಅರ್ಥ, ಸದ್ಯಕ್ಕೆ ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ವಾಷಿಂಗ್ಟನ್ನಿನಲ್ಲಿ ಸೇರಿದ್ದಾಗ, ತುರ್ತಾಗಿ ಚರ್ಚಿಸಬೇಕೆಂದು ಬ್ರಿಟಿಷರು ಒಂದು ಪತ್ರವನ್ನು ‘ಟೇಬಲ್’ ಮಾಡುತ್ತೇವೆ ಎಂದರಂತೆ. ಇಷ್ಟು ಮುಖ್ಯವಾದದ್ದನ್ನು ಮೂಲೆಗೆ ಹಾಕುವುದೇ ಎಂದು ಅಮೆರಿಕದವರು ವಿರೋಧಿಸಿದರು. ಬಹಳ ಹೊತ್ತು ಬಿಸಿಬಿಸಿ ವಾದ ನಡೆದ ಮೇಲೆ, ಇಬ್ಬರ ಅಭಿಪ್ರಾಯವೂ ಒಂದೇ ಎಂದು ತಿಳಿಯಿತು. ಚರ್ಚಿಲ್ಲರು ತಮ್ಮ ಯುದ್ಧದ ಇತಿಹಾಸದಲ್ಲಿ ಇದನ್ನು ಬರೆದಿದ್ದಾರೆ. ಒಂದೇ ಭಾಷೆಯವರಿಗೇ ಈ ಪಾಡಾದರೆ, ಆ ಭಾಷೆಯನ್ನು ಎರವಲು ತಂದ ನಮಗೆ ಏನಾಗಬೇಡ?

ಈಗ ನನ್ನ ಅರಿಕೆ. ನಮ್ಮ ಬೀದಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರು. ಇಂಗ್ಲಿಷ್ ತಿಳಿಯದವರು. ಒಂದು ದಿನ ಕಚೇರಿಯಿಂದ ನೇರವಾಗಿ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ನಿಮ್ಮ ಫೈಲು ಟೇಬಲ್ ಮೇಲಿದೆಯಮ್ಮ ಅಂದರು. ಹಾಗಂದರೆ ಏನು?” ಎಂದು ಕೇಳಿದರು. ನನ್ನ ಪಾಂಡಿತ್ಯಕ್ಕೆ ಹುರುಪು ಬಂತು. ಶಾಸನಸಭೆಯ ಉದಾಹರಣೆಯನ್ನೆಲ್ಲ ಕೊಟ್ಟು, “ಟೇಬಲ್ ಮೇಲೆ ಬಂತೆಂದರೆ ಅಧಿಕಾರಿಗಳ ಕಣ್ಣೆದುರಿಗೆ ಬಂತೆಂದು ಅರ್ಥ ತಾಯಿ. ಇನ್ನು ನೀವು ಓಡಾಡಬೇಕಾಗಿಲ್ಲ” ಎಂದು ಧೈರ್ಯ ಹೇಳಿದೆ. ಆಕೆ ನನ್ನ ಮಾತನ್ನು ನಂಬಿ ಓಡಾಟ ನಿಲ್ಲಿಸಿದರು.

ಮೂರು ತಿಂಗಳಾದರೂ ಹಣ ಬರಲಿಲ್ಲ. ಕೈಬಳೆ ಅಡವಿಟ್ಟು ಮಗಳ ಕಾಲೇಜು ಶುಲ್ಕ ಕಟ್ಟಿದರೆಂದು ಆಮೇಲೆ ತಿಳಿಯಿತು. ನಾನೇ ಜೊತೆಯಲ್ಲಿ ಹೋಗಿ ವಿಚಾರಿಸಿದೆ. ಫೈಲು ನಿಜವಾಗಿಯೂ ಟೇಬಲ್ಲಿನ ಮೇಲೆಯೇ ಇತ್ತು. ಮರಣ ಪ್ರಮಾಣಪತ್ರದ ದೃಢೀಕರಿಸಿದ ನಕಲು ಬೇಕೆಂದು ಒಂದು ಸಾಲು ಬರೆದು, ಆ ಚೀಟಿಯನ್ನು ಒಳಗೇ ಇಟ್ಟು, ದಾರ ಕಟ್ಟಿ, ಮೇಲೆ ಇನ್ನೂ ಹತ್ತು ಫೈಲುಗಳನ್ನು ಹೇರಿದ್ದರು. ಟೇಬಲ್ಲಿನ ಕೆಳಗಿನ ವ್ಯವಹಾರವೆಂದು ಜನ ಆಡಿಕೊಳ್ಳುತ್ತಾರಲ್ಲ, ಅಂಥದೇನೂ ಅಲ್ಲಿರಲಿಲ್ಲ. ಬರಿಯ ಅಲಕ್ಷ್ಯ. ನಕಲು ಒಪ್ಪಿಸಿದ ಮೇಲೆ ಕೆಲಸ ಮುಂದೆ ಸಾಗಿತು. ಹಿಂದಿರುಗುವಾಗ ದಾರಿಯಲ್ಲಿ ಆ ತಾಯಿ ಮೆಲ್ಲಗೆ, “ಟೇಬಲ್ ಮೇಲಿದೆ ಅಂದರೆ ಮಲಗಿದೆ ಅಂತಲೂ ಅರ್ಥವಿರುತ್ತೆ ಅಲ್ಲವೇ ಮೇಷ್ಟ್ರೇ?” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ನನಗೆ ಉತ್ತರ ತೋಚಲಿಲ್ಲ.

ನನ್ನ ನಿಘಂಟಿನಲ್ಲಿ ಎರಡು ಅರ್ಥವೂ ಇದ್ದವು. ನಾನು ನನಗೆ ಇಷ್ಟವಾದುದನ್ನು ಆರಿಸಿಕೊಂಡೆ. ನೀರಿನ ಮೇಜೆಂದು ಬರೆದ ಹುಡುಗನ ತಪ್ಪಿನಿಂದ ಯಾರ ಬಳೆಯೂ ಅಡವಿಗೆ ಹೋಗಲಿಲ್ಲ. ನನ್ನ ತಪ್ಪಿನಿಂದ ಹೋಯಿತು.

ಆದ್ದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಪದದ ಅರ್ಥವನ್ನು ಪದದಲ್ಲಿ ಹುಡುಕಿದರೆ ಸಾಲದು. ಅದನ್ನು ಆಡಿದವರ ಕೆಲಸದಲ್ಲಿ ಹುಡುಕಬೇಕು. ಪುಸ್ತಕದಲ್ಲಿ ಟೇಬಲ್ ಸಿಕ್ಕಿದರೆ ಅದು ಊಟದ್ದೋ, ಪಟ್ಟಿಯದೋ, ಮಟ್ಟದ್ದೋ, ಸಭೆಯದೋ ಎಂದು ನೋಡಿ. ವಾರ್ತೆಯಲ್ಲಿ ಮೇಜಿನ ಮೇಲಿಟ್ಟರೆಂದು ಕೇಳಿದರೆ, ಮುಂದೆ ಚರ್ಚೆಯಾಯಿತೇ ಎಂದು ಕಾದು ಕೇಳಿ. ಕಚೇರಿಯಲ್ಲಿ ‘ಟೇಬಲ್ ಮೇಲಿದೆ’ ಎಂದರೆ ತಲೆದೂಗಿ ಬರಬೇಡಿ. ಯಾರ ಟೇಬಲ್ಲು, ಯಾವಾಗಿನಿಂದ, ಯಾವ ಕಾಗದ ಬೇಕಾಗಿದೆ, ಮುಂದೆ ಯಾರ ಬಳಿಗೆ ಹೋಗುತ್ತದೆ ಎಂಬ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ಹೀಗೆ ಕೇಳಲು ತಿಳಿಯದವರಿದ್ದರೆ ಅರ್ಥ ಹೇಳಿ ಕಳುಹಿಸಬೇಡಿ; ಒಮ್ಮೆ ಜೊತೆಯಲ್ಲಿ ಹೋಗಿ ಬನ್ನಿ.