ಪೊಟ್ಟಣದ ಹಿಂಬದಿ ಓದಿ

ಸಕ್ಕರೆ ಕಾಯಿಲೆ ಇರುವ ಬಹಳ ಜನರಿಗೆ ಕೊಲೆಸ್ಟ್ರಾಲ್ ತೊಂದರೆಯೂ ಇರುತ್ತದೆ. ಎರಡಕ್ಕೂ ನಂಟು ಬೀಳುವುದು ಲಿವರ್‌ನಲ್ಲಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಲಿವರ್ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಇಳಿಯುತ್ತದೆ. ಎಣ್ಣೆ ಕಡಿಮೆ ಮಾಡಿದವರಲ್ಲೂ ಮೈದಾ, ಬಿಳಿ ಅಕ್ಕಿ, ಸಿಹಿ ಹೆಚ್ಚಾದರೆ ಟ್ರೈಗ್ಲಿಸರೈಡ್ ಏರುವುದುಂಟು. ಇನ್ನು ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಏರಿಸುವುದು ಮುಖ್ಯವಾಗಿ ತುಪ್ಪ, ಬೆಣ್ಣೆ, ಡಾಲ್ಡಾ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು. ಆದ್ದರಿಂದ ಸಕ್ಕರೆ ತೆಗೆದು ಕೊಬ್ಬು ತುಂಬಿದ ತಿನಿಸಾಗಲಿ, ಕೊಬ್ಬು ತೆಗೆದು ಸಕ್ಕರೆ ತುಂಬಿದ್ದಾಗಲಿ ನಮಗೆ ಬೇಡ. ಅಂಗಡಿಯಲ್ಲಿ ‘ಆರೋಗ್ಯಕರ’ ಎಂದು ಮಾರುವುದರಲ್ಲಿ ಇಂಥವು ಬಹಳ.

‘ಶುಗರ್ ಫ್ರೀ’ ಬಿಸ್ಕತ್ತನ್ನೇ ತೆಗೆದುಕೊಳ್ಳಿ. 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ದರೆ ಹಾಗೆ ಬರೆಯಲು ನಮ್ಮ ಆಹಾರ ಸುರಕ್ಷತಾ ನಿಯಮ ಒಪ್ಪುತ್ತದೆ. ಬರೆದದ್ದು ಸುಳ್ಳಲ್ಲ. ಆದರೆ ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯುವುದು ನಿಯಮ. ಮೊದಲಿಗೇ ಮೈದಾ, ಅದರ ಬೆನ್ನಿಗೇ ತಾಳೆ ಎಣ್ಣೆ ಇರುವ ಬಿಸ್ಕತ್ತುಗಳೇ ಹೆಚ್ಚು. ಮೈದಾ ಜೀರ್ಣವಾದ ಮೇಲೆ ಗ್ಲೂಕೋಸ್ ಆಗುತ್ತದೆ, ಆದರೆ ಅದರ ಲೆಕ್ಕ ಸಕ್ಕರೆಯ ಸಾಲಿನಲ್ಲಿ ಬರುವುದಿಲ್ಲ. ಹಾಗಾಗಿ ಸಕ್ಕರೆಯ ಜೊತೆಗೆ ಒಟ್ಟು ಕಾರ್ಬೋಹೈಡ್ರೇಟ್, ಸ್ಯಾಚುರೇಟೆಡ್ ಕೊಬ್ಬು ಎಂಬ ಎರಡು ಸಾಲುಗಳನ್ನೂ ಓದಲೇಬೇಕು. ‘ಲೋ ಫ್ಯಾಟ್’ ಎಂದರೆ 100 ಗ್ರಾಂ ಗಟ್ಟಿ ಪದಾರ್ಥದಲ್ಲಿ ಕೊಬ್ಬು 3 ಗ್ರಾಂ ಮೀರಿಲ್ಲ ಎಂದಷ್ಟೇ ಅರ್ಥ. ಹಣ್ಣಿನ ರುಚಿಯ ಮೊಸರಿನಲ್ಲಿ ಕೆನೆ ತೆಗೆದ ಜಾಗಕ್ಕೆ ಸಕ್ಕರೆ ಬಂದು ಕೂತಿರಬಹುದು. ಎಣ್ಣೆಯ ಕ್ಯಾನಿನ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಮಾತಿಗಂತೂ ಮರುಳಾಗಬೇಡಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಮೂಲದ ಆಹಾರದಲ್ಲಿ, ಕಡಲೆಕಾಯಿ ಎಣ್ಣೆಯಲ್ಲಿ ಅದು ಬರುವುದಾದರೂ ಎಲ್ಲಿಂದ?

ಬೆಲ್ಲ, ಜೇನುತುಪ್ಪ ನಿರಪಾಯ ಎಂಬ ನಂಬಿಕೆಯನ್ನೂ ಬಿಡಬೇಕು. ಎರಡೂ ಹೆಚ್ಚುಕಡಿಮೆ ಸಕ್ಕರೆಯೇ.

ದುಡ್ಡು ಹೆಚ್ಚು ಕೊಡದೆ ಮಾಡಬಹುದಾದ ಬದಲಾವಣೆ ಹಾಲಿನದು. ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಶೇ. 6, ಟೋನ್ಡ್ ಹಾಲಿನಲ್ಲಿ ಶೇ. 3, ಡಬಲ್ ಟೋನ್ಡ್‌ನಲ್ಲಿ ಶೇ. 1.5. ದಿನಕ್ಕೆ ಅರ್ಧ ಲೀಟರ್ ಬಳಸುವವರಿಗೆ ಮೊದಲನೆಯದರಿಂದ ಸುಮಾರು 30 ಗ್ರಾಂ ಕೊಬ್ಬು ಸೇರಿದರೆ, ಕೊನೆಯದರಿಂದ ಸೇರುವುದು ಏಳೂವರೆ ಗ್ರಾಂ.

ಇಷ್ಟೆಲ್ಲ ಓದುವ ಗೊಡವೆಯೇ ಬೇಡದ ಊಟ ಹಳೇ ಮೈಸೂರು ಸೀಮೆಯ ಬಸ್ಸಾರು. ಹುರುಳಿಕಾಳು, ಸೊಪ್ಪು ಬೇಯಿಸಿ, ನೀರು ಬಸಿದು ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಚಮಚ ಎಣ್ಣೆ ಸಾಕು, ಕಾಯಿತುರಿ ಹಿಡಿತದಲ್ಲಿರಲಿ. ಕಾಳಿನ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ತಯಾರಿಸಲು ಲಿವರ್ ರಕ್ತದಲ್ಲಿನ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ಮೊದಲು ಪಲ್ಯ ತಿಂದು ಆಮೇಲೆ ಮುದ್ದೆಗೆ ಕೈಹಾಕಿದರೆ ಸಕ್ಕರೆ ದಿಢೀರನೆ ಏರುವುದೂ ತಗ್ಗುತ್ತದೆ. ಆದರೆ ರಾಗಿ ಎಂದು ಎರಡು ಮೂರು ಮುದ್ದೆ ಇಳಿಸುವಂತಿಲ್ಲ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ನಿಜ. ಆದರೂ ರಾಗಿಯಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ತೆಳ್ಳಗೆ ಕುದಿಸಿದ ಗಂಜಿಯಾದರೆ ಅದು ಇನ್ನೂ ಬೇಗ ರಕ್ತ ಸೇರುತ್ತದೆ.

ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ಮುದ್ದೆಯನ್ನು ಒಮ್ಮೆಗೇ ಅರ್ಧಕ್ಕಿಳಿಸುವ ಮುನ್ನ ಡಾಕ್ಟರಿಗೆ ಹೇಳಬೇಕು. ಔಷಧಿಯ ಪ್ರಮಾಣ ಹಿಂದಿನಂತೆಯೇ ಇದ್ದರೆ ಸಕ್ಕರೆ ತೀರಾ ಕುಸಿಯಬಹುದು. ಮೈ ಬೆವರಿ, ಕೈ ನಡುಗಿ, ತಲೆ ಸುತ್ತಿದರೆ ಪಥ್ಯ ನೋಡುತ್ತ ಕೂರಬೇಡಿ. ಮೂರು ಚಮಚ ನಿಜವಾದ ಸಕ್ಕರೆಯನ್ನೇ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸೇರಿಸಿ.