ಕೀಲಿಕೈ ಯಾರ ಕೈಯಲ್ಲಿ?

ಒಂದು ಮನೆಯ ಚಿತ್ರವನ್ನು ಕಲ್ಪಿಸಿಕೊಳ್ಳಿ. ಮಗಳು ಸಂಗೀತಸ್ಪರ್ಧೆಯೊಂದರಲ್ಲಿ ಹಾಡಿದ್ದಾಳೆ; ಅದು ದೂರದರ್ಶನದ ವಾಹಿನಿಯೊಂದರಲ್ಲಿ ಪ್ರಸಾರವಾಗಿದೆ. ತಂದೆ ಅದನ್ನು ಉಪಗ್ರಹ ದೂರದರ್ಶನದ ಸೆಟ್‌ಟಾಪ್ ಬಾಕ್ಸಿನಿಂದ ಮುದ್ರಿಸಿ, ಹೊರಗಿನಿಂದ ತಂದು ಜೋಡಿಸಿದ ಹಾರ್ಡ್ ಡಿಸ್ಕಿನಲ್ಲಿ ಜೋಪಾನವಾಗಿಟ್ಟಿದ್ದಾನೆ. ಹಬ್ಬಕ್ಕೆ ಬಂದ ನೆಂಟರಿಗೆಲ್ಲ ತೋರಿಸಿದ್ದೂ ಆಗಿದೆ. ಮಳೆಗಾಲದ ಒಂದು ರಾತ್ರಿ ಸಿಡಿಲು ಬಡಿದು ಪೆಟ್ಟಿಗೆ ಕೆಡುತ್ತದೆ. ಡಿಸ್ಕಿಗೆ ಮಾತ್ರ ಯಾವ ಅಪಾಯವೂ ಇಲ್ಲ. ಹೊಸ ಪೆಟ್ಟಿಗೆ ಬರುತ್ತದೆ. ಡಿಸ್ಕನ್ನು ಅದಕ್ಕೆ ಜೋಡಿಸುತ್ತಾರೆ. ಆದರೆ ಪರದೆಯ ಮೇಲೆ ಮೂಡುವುದು ಮಗಳ ಮುಖವಲ್ಲ. ‘ಈ ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಬೇಕೆ?’ ಎಂಬ ಪ್ರಶ್ನೆ!

ಡಿಸ್ಕು ಮನೆಯವರದು, ಹಣ ಕೊಟ್ಟು ಕೊಂಡದ್ದು. ಹಾಡಿದವಳೂ ಮನೆಯ ಮಗಳೇ. ಆದರೂ ಅದು ಅವರ ಪಾಲಿಗೆ ಇಲ್ಲವಾಯಿತೇಕೆ?

ಗಗನದಿಂದ ಅಂಗಳಕ್ಕೆ

ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುವ ಉಪಗ್ರಹ ನೆಲದಲ್ಲಿರುವವರಿಗೆ ನಿಂತಲ್ಲೇ ನಿಂತಂತೆ ತೋರುತ್ತದೆ. ಭಾರತದ ಇಂತಹ ಉಪಗ್ರಹಗಳನ್ನು ಅಂಕೆಯಲ್ಲಿಡುವ ಕೇಂದ್ರ 1982ರಲ್ಲಿ ನಮ್ಮ ಹಾಸನದಲ್ಲಿಯೇ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ, 1975-76ರ ‘ಸೈಟ್’ ಪ್ರಯೋಗದ ಕಾಲದಲ್ಲಿ, ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗರು ಉಪಗ್ರಹದಿಂದ ನೇರವಾಗಿ ಬಂದ ಚಿತ್ರಗಳನ್ನು ನೋಡಿದ್ದರು. ಅಂದು ಕಂಡದ್ದು ಅಂದಿಗೇ ಮುಗಿಯಿತು. ಹಿಡಿದಿಡುವ ಉಪಾಯ ಅವರಲ್ಲಿರಲಿಲ್ಲ.

ಇಂದು ಚಿತ್ರವೂ ಧ್ವನಿಯೂ ಸೊನ್ನೆ ಮತ್ತು ಒಂದುಗಳ ಪ್ರವಾಹವಾಗಿ ಇಳಿದುಬರುತ್ತವೆ. ಸ್ಫುಟವಾದ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 8 ಮೆಗಾಬಿಟ್, ಅಂದರೆ ಒಂದು ಮೆಗಾಬೈಟ್ ಬೇಕೆಂದಿಟ್ಟುಕೊಂಡರೆ, ಒಂದು ಗಂಟೆಗೆ 3.6 ಗಿಗಾಬೈಟ್ ಆಯಿತು. ಅಂಗೈಯಗಲದ ಒಂದು ಟೆರಾಬೈಟ್ ಡಿಸ್ಕಿನಲ್ಲಿ ಸುಮಾರು 277 ಗಂಟೆಗಳ ಕಾರ್ಯಕ್ರಮ ಅಡಗಿ ಕುಳಿತುಕೊಳ್ಳುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊಟ್ಟಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರ ಧಾರಣಶಕ್ತಿ 50 ಲಕ್ಷ ಅಕ್ಷರಗಳು. ಇಂದಿನ ಲೆಕ್ಕದಲ್ಲಿ ಆ ಮಹಾಯಂತ್ರ ಹಿಡಿಯುತ್ತಿದ್ದುದು ನಾಲ್ಕು ಸೆಕೆಂಡುಗಳಿಗಿಂತ ಕಡಮೆ ಚಿತ್ರ!

ಕಾಣದ ಬೀಗ

ಚಂದಾದಾರರಿಗೆಂದು ಬರುವ ವಾಹಿನಿಗಳು ಗೂಢಲಿಪಿಯಲ್ಲಿ ಇಳಿದುಬರುತ್ತವೆ. ಅದನ್ನು ಬಿಡಿಸುವ ಅಧಿಕಾರ ಪೆಟ್ಟಿಗೆಗೆ, ಅಥವಾ ಅದರಲ್ಲಿ ಸೇರಿಸಿದ ಚಿಕ್ಕ ಕಾರ್ಡಿಗೆ ಇರುತ್ತದೆ. ಮುದ್ರಿಸುವಾಗಲೂ ಪೆಟ್ಟಿಗೆ ಚಿತ್ರವನ್ನು ಬಯಲಾಗಿ ಬರೆದಿಡುವುದಿಲ್ಲ; ಬೀಗ ಹಾಕಿಯೇ ಬರೆಯುತ್ತದೆ. ಹೀಗೆ ತಿಜೋರಿ ಡಿಸ್ಕಿನಲ್ಲಿ, ಕೀಲಿಕೈ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಸುಟ್ಟರೆ ಕೀಲಿಕೈಯೂ ಸುಟ್ಟಂತೆಯೇ.

ಈ ಬಂಧನ ಎಲ್ಲೆಡೆಯೂ ಒಂದೇ ತೆರನಾಗಿರಲಿಲ್ಲ. ಅಮೆರಿಕದ ಡೈರೆಕ್‌ಟಿವಿ ಪೆಟ್ಟಿಗೆಗಳಿಗೆ ಹೊರಗಿನ ಡಿಸ್ಕನ್ನು ಜೋಡಿಸಿದರೆ ಒಳಗಿನ ಡಿಸ್ಕು ಸುಮ್ಮನಾಗುತ್ತಿತ್ತು. ಮುದ್ರಿಸಿದ್ದು ಆ ಪೆಟ್ಟಿಗೆಗೇ ಅಂಟಿಕೊಂಡಿರುತ್ತಿತ್ತು. 2007ರಲ್ಲಿ ಡಿಶ್ ನೆಟ್‌ವರ್ಕ್ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಕಾರ್ಯಕ್ರಮಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿಟ್ಟುಕೊಂಡು, ಅದೇ ಚಂದಾದಾರನ ಅದೇ ಬಗೆಯ ಇನ್ನೊಂದು ಪೆಟ್ಟಿಗೆಯಲ್ಲಿಯೂ ನೋಡಬಹುದಾಗಿತ್ತು. ಕೀಲಿಕೈಯನ್ನು ಪೆಟ್ಟಿಗೆಗಲ್ಲ, ಮನೆಗೆ ಕೊಟ್ಟಂತಾಯಿತು. ಬೀಗ ಅನಿವಾರ್ಯವಾದರೂ ಅದು ಎಷ್ಟು ಬಿಗಿಯಾಗಿರಬೇಕೆಂಬುದು ಮನುಷ್ಯರೇ ಮಾಡುವ ತೀರ್ಮಾನವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಟೇಪಿನ ಔದಾರ್ಯ

ಹಿಂದಿನ ವಿಡಿಯೋ ಟೇಪಿಗೆ ಈ ಕಟ್ಟು ಇರಲಿಲ್ಲ. ಮನೆಯಲ್ಲಿ ಮುದ್ರಿಸಿಕೊಂಡು ಬಿಡುವಾದಾಗ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1984ರ ಜನವರಿಯಲ್ಲಿ, ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ, ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಪಿತ್ತಿತು. ಫಿಲಡೆಲ್ಫಿಯಾ ನಗರದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ 1979ರಿಂದ 2012ರಲ್ಲಿ ತಮ್ಮ ಕೊನೆಯುಸಿರೆಳೆಯುವವರೆಗೆ ದೂರದರ್ಶನದ ವಾರ್ತೆಗಳನ್ನು ಹಗಲಿರುಳು ಮುದ್ರಿಸಿದರು. ಸುಮಾರು 70,000 ಟೇಪುಗಳ ಆ ರಾಶಿ ಬಳಿಕ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವಶಕ್ಕೆ ಬಂದಿತು. ಅವರ ಯಂತ್ರಗಳು ಕೆಟ್ಟರೂ ಟೇಪುಗಳು ಮೂಕವಾಗಲಿಲ್ಲ. ಇನ್ನೊಂದು ಯಂತ್ರ ಅವುಗಳನ್ನು ಮಾತನಾಡಿಸಬಲ್ಲುದಾಗಿತ್ತು. ಅವರು ಬೀಗ ಹಾಕಿದ ಡಿಸ್ಕುಗಳಲ್ಲಿ ಇಟ್ಟಿದ್ದರೆ ಮೂರು ದಶಕಗಳ ಆ ಸಾಕ್ಷ್ಯದ ಗತಿ ಏನಾಗುತ್ತಿತ್ತು?

ಗೃಹಸ್ಥರು ಮಾಡಬೇಕಾದುದು

ಪೆಟ್ಟಿಗೆಗೆ ಜೋಡಿಸುವ ಡಿಸ್ಕನ್ನು ಆ ಕೆಲಸಕ್ಕೇ ಮೀಸಲಿಡುವುದು ಲೇಸು. ಮೊದಲ ಸಲ ಜೋಡಿಸಿದಾಗ ಅನೇಕ ಪೆಟ್ಟಿಗೆಗಳು ಅದರಲ್ಲಿರುವುದನ್ನೆಲ್ಲ ಅಳಿಸುತ್ತವೆ; ಮದುವೆಯ ಭಾವಚಿತ್ರಗಳಿರುವ ಡಿಸ್ಕನ್ನು ತಂದು ಸಿಕ್ಕಿಸಿದರೆ ಆ ಮದುವೆ ನೆನಪಿನಲ್ಲಿ ಮಾತ್ರ ಉಳಿದೀತು. ಅದೇ ಡಿಸ್ಕನ್ನು ಬಳಿಕ ಕಂಪ್ಯೂಟರಿಗೆ ಹಾಕಿದರೆ, ಬರಹದ ಕ್ರಮ ಅರಿಯದ ಕಂಪ್ಯೂಟರು ‘ಫಾರ್ಮ್ಯಾಟ್ ಮಾಡಲೆ?’ ಎಂದು ಕೇಳಬಹುದು. ಒಪ್ಪಿದಿರೋ, ಕೆಟ್ಟಿರಿ.

ಡಿಸ್ಕಿನೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತಿರುತ್ತದೆ. ಮುದ್ರಣ ನಡೆಯುತ್ತಿರುವಾಗ ತಂತಿಯನ್ನು ಕೀಳುವುದು, ಡಿಸ್ಕನ್ನು ಅಲುಗಿಸುವುದು, ಬಿಸಿಯಾದ ಪೆಟ್ಟಿಗೆಯ ನೆತ್ತಿಯ ಮೇಲೆ ಅದನ್ನು ಕೂರಿಸುವುದು, ಇವು ಮೂರೂ ಸಲ್ಲದು. ದೊಡ್ಡ ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ತು ಬೇಕು. ಗುಡುಗು ಕೇಳಿಸಿದೊಡನೆ ಮುದ್ರಣ ನಿಲ್ಲಿಸಿ ಎಲ್ಲವನ್ನೂ ಕಳಚಿಡುವುದು ಜಾಣತನ.

ಗೂಢಲಿಪಿಯಿಲ್ಲದೆ ಬರುವ ಉಚಿತ ವಾಹಿನಿಗಳ ಮಾತು ಬೇರೆ. ಅವುಗಳನ್ನು ಮುದ್ರಿಸುವ ಕೆಲವು ಪೆಟ್ಟಿಗೆಗಳು ಬೀಗವಿಲ್ಲದೆಯೇ ಬರೆಯುತ್ತವೆ. ಆ ಮುದ್ರಣವನ್ನು ಕಂಪ್ಯೂಟರಿನಲ್ಲಿಯೂ ನೋಡಬಹುದು. ಕೊಳ್ಳುವ ಮುನ್ನವೇ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಬೇಕು: ‘ಪೆಟ್ಟಿಗೆ ಬದಲಾದರೆ ಡಿಸ್ಕಿನಲ್ಲಿದ್ದುದು ಕಾಣಿಸುವುದೇ?’

ಧಾರಾವಾಹಿಯೊಂದರ ಕಂತು ಹೋದರೆ ಚಿಂತೆಯಿಲ್ಲ. ಮನೆಯ ಮಗುವಿನ ಹಾಡು ಹೋದರೆ ಅದನ್ನು ಮರಳಿ ತರುವವರಾರು? ಅಂತಹುದು ಪ್ರಸಾರವಾದ ವಾರದೊಳಗೇ ಕಾರ್ಯಕ್ರಮದವರನ್ನು ಕೇಳಿ ಒಂದು ಪ್ರತಿ ಪಡೆದು, ಎರಡು ಕಡೆ ಇಟ್ಟುಕೊಳ್ಳಬೇಕು. ಪೆಟ್ಟಿಗೆಯ ಪಕ್ಕದ ಡಿಸ್ಕು ನಾಳೆ ನೋಡಲು ಅನುಕೂಲವೇ ಹೊರತು, ಮೊಮ್ಮಕ್ಕಳಿಗೆಂದು ಎತ್ತಿಡುವ ಪೆಟಾರಿಯಲ್ಲ.