ಛಾಯಾಚಿತ್ರಗಳ ಪ್ರತಿಗಳೂ ಮೇಘಭಂಡಾರವೂ

ಗ್ರಂಥವು ಉಳಿಯಬೇಕಾದರೆ ಅದರ ಪ್ರತಿಗಳು ಹಲವೆಡೆ ಇರಬೇಕೆಂಬುದನ್ನು ಕನ್ನಡನಾಡಿನವರು ಬಹು ಹಿಂದೆಯೇ ಅರಿತಿದ್ದರು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿದಳೆಂಬುದು ಪ್ರಸಿದ್ಧವಾಗಿದೆ. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವಾಗಿ ಪ್ರಕಟಿಸಿದುದರಿಂದ, ಮುಂದೆ ಯಾವ ಕಲ್ಲು ಕಳೆದುಹೋದರೂ ಅದರ ಪಾಠವು ಉಳಿಯುವಂತಾಯಿತು. ಪ್ರತಿಮಾಡುವ ಈ ಕಾರ್ಯವನ್ನು ಈಗ ಮೊಬೈಲ್ ಫೋನು ಯಾರೂ ಹೇಳದೆಯೇ ಮಾಡುತ್ತದೆ.

ಹೊಸಕೋಟೆ ತಾಲ್ಲೂಕಿನ ಹೋಬಳಿಸ್ಥಳವಾದ ಅನುಗೊಂಡನಹಳ್ಳಿಯ ಆಸುಪಾಸಿನಲ್ಲಿ ಒಬ್ಬನು ವೀರಗಲ್ಲೊಂದರ ಚಿತ್ರವನ್ನು ತೆಗೆದನೆಂದು ಭಾವಿಸಬಹುದು. ಫೋನು ಆ ಚಿತ್ರದ ಅಂಕಿಗಳನ್ನೆಲ್ಲ ಗಣಿಸಿ ಅದಕ್ಕೊಂದು ಗುರುತಿನ ಸಂಖ್ಯೆಯನ್ನು ಕಟ್ಟುತ್ತದೆ. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಸಂಖ್ಯೆಯು ಬೇರೆಯಾಗುವುದು. ಆದುದರಿಂದ ಒಂದೇ ಚಿತ್ರವನ್ನು ಎರಡು ಸಲ ಕಳುಹಿಸುವ ಪ್ರಮೇಯವಿಲ್ಲ. ವೈ-ಫೈ ದೊರೆತೊಡನೆ ಚಿತ್ರವು ಸರ್ವರಿಗೆ ತಲಪುತ್ತದೆ. ಕ್ಲೌಡ್ ಎಂಬ ಹೆಸರಿಗೆ ಮೋಡವೆಂದು ಅರ್ಥವಿದ್ದರೂ ಅದು ಆಕಾಶದಲ್ಲಿ ತೇಲುವ ವಸ್ತುವಲ್ಲ. ನೆಲದ ಮೇಲಿನ ಕಟ್ಟಡಗಳಲ್ಲಿ ಸಾಲುಗಟ್ಟಿ ನಿಂತ ಗಣಕಯಂತ್ರಗಳೇ ಅದು. ಹೆಸರಿಟ್ಟವರು ಕವಿಗಳೋ ವ್ಯಾಪಾರಿಗಳೋ ಎಂಬ ಶಂಕೆಗೆ ಇಲ್ಲಿ ಎಡೆಯುಂಟು.

ಸರ್ವರು ಶಾನುಭೋಗನ ಲೆಕ್ಕದ ಪುಸ್ತಕದಂತೆ ಕ್ರಮಾಂಕವಾಗಿ ಬರೆದಿಡುತ್ತದೆ: ಇಂಥ ಚಿತ್ರವು ಬಂದಿತು, ಇಂಥದು ತಿದ್ದಲ್ಪಟ್ಟಿತು, ಇಂಥದು ಅಳಿಸಲ್ಪಟ್ಟಿತು. ಅದೇ ಒಡೆಯನ ಇತರ ಉಪಕರಣಗಳು, ತಾವು ಕಡೆಯಲ್ಲಿ ಕಂಡ ಕ್ರಮಾಂಕದ ಮುಂದಿನ ನಮೂದುಗಳನ್ನು ಮಾತ್ರ ಕೇಳಿ ಪಡೆಯುತ್ತವೆ. ಹೀಗೆ ಎಲ್ಲ ಕಡೆಯೂ ಒಂದೇ ಸಂಗ್ರಹವು ತೋರುವುದು.

ಅಪಾಯವಿರುವುದೂ ಇಲ್ಲಿಯೇ. ಅಳಿಸಿದುದೂ ಒಂದು ನಮೂದಾದುದರಿಂದ, ಒಂದು ಕಡೆ ಕೈತಪ್ಪಿ ಅಳಿಸಿದ ಚಿತ್ರವು ಎಲ್ಲ ಕಡೆಯೂ ಅಳಿಯುತ್ತದೆ. ಓಲೆಯ ಪ್ರತಿಗಳಿಗೆ ಈ ಗುಣವಿರಲಿಲ್ಲ. ಒಂದು ಮಠದ ಓಲೆಯನ್ನು ಗೆದ್ದಲು ತಿಂದರೆ ಮತ್ತೊಂದು ಬಸದಿಯ ಓಲೆಗೆ ಏನೂ ಆಗುತ್ತಿರಲಿಲ್ಲ. ಗೂಗಲ್ ಫೋಟೋಸ್ ತನ್ನಲ್ಲಿ ಸೇರಿದ ಚಿತ್ರವನ್ನು ಅಳಿಸಿದ ಮೇಲೆ 60 ದಿನ ಕಸದ ಬುಟ್ಟಿಯಲ್ಲಿರಿಸುತ್ತದೆ. ಅನಂತರ ಅದು ದೊರೆಯುವುದಿಲ್ಲ.

ಆಪಲ್ ಸಂಸ್ಥೆಯು 2011ರಲ್ಲಿ ಆರಂಭಿಸಿದ ಫೋಟೋ ಸ್ಟ್ರೀಮ್ ಎಂಬುದು ಇನ್ನೂ ಸಂಕುಚಿತವಾಗಿದ್ದಿತು. ಸರ್ವರು ಹೊಸ ಚಿತ್ರಗಳನ್ನು 30 ದಿನಗಳು ಮಾತ್ರ ಇರಿಸಿಕೊಳ್ಳುತ್ತಿದ್ದಿತು. ಫೋನುಗಳಲ್ಲಿ ಈಚಿನ 1000 ಚಿತ್ರಗಳು ನಿಲ್ಲುತ್ತಿದ್ದವು. ಮೂಲಚಿತ್ರವು ತೆಗೆದ ಫೋನಿನಲ್ಲಿಯೇ ಇರುತ್ತಿದ್ದುದರಿಂದ, ಆ ಫೋನು ಕಳೆದರೆ ಹಳೆಯ ಚಿತ್ರಗಳಿಗೆ ಗತಿಯಿರಲಿಲ್ಲ. ಆ ವ್ಯವಸ್ಥೆಯು 2023ರ ಜುಲೈ 26ರಂದು ಮುಚ್ಚಲ್ಪಟ್ಟಿತು. ಅದನ್ನೇ ಭಂಡಾರವೆಂದು ನಂಬಿದವರು ಹರಿಯುವ ಕಾಲುವೆಯನ್ನು ಕೆರೆಯೆಂದು ತಿಳಿದಂತಾಯಿತು.

ಶಾಸನಗಳ ವಿಷಯದಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಬೇರೊಂದು ಮಾರ್ಗವನ್ನು ಹಿಡಿಯಿತು: ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಆ ಪ್ರತಿಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹಾಗೆ ಬೇರೆಯವರು ಇಳಿಸಿಟ್ಟುಕೊಂಡ ಪ್ರತಿಯನ್ನು ಮೊದಲಿನ ಒಡೆಯನ ಫೋನಿನ ಗುಂಡಿಯು ಅಳಿಸಲಾರದು. ಅನುಗೊಂಡನಹಳ್ಳಿಯ ಆ ವೀರಗಲ್ಲಿನ ಚಿತ್ರಕ್ಕೂ, ಸರ್ವರಿನ ಲೆಕ್ಕಕ್ಕೆ ಸೇರದ ಒಂದು ಡಿಸ್ಕಿನಲ್ಲಿ, ಬೇರೊಂದು ಮನೆಯಲ್ಲಿ, ಇಂಥ ಪ್ರತಿಯೊಂದಿರಬೇಕು.